ಉರಾಂದಿಯ ದೋಣಿ ನೀರಿಗಿಳಿದ ವರ್ಷ

ಉರಾಂದಿ,
೩ ಏಪ್ರಿಲ್ ೧೯೬೭

ಪ್ರೀತಿಯ ಅಣ್ಣ ಬಿಶೆಂತೆಗೆ,

ನಿನ್ನ ಕ್ರಿಸ್‌ಮಸ್ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದಾಳೆ ಎಂದು ಬೈಯಬೇಡ. ಆಂಚೋವಿ ಮೀನಿನ ಕಾಲ ಶುರುವಾಗಿದೆ. ಹರಿದ ಬಲೆಗಳು ದಕ್ಕೆಯ ಮೇಲೆ ಸೊಂಟದೆತ್ತರ ಬಿದ್ದಿವೆ. ಬಲೆ ಹೊಲಿಯುವ ನಾವು ಹೆಂಗಸರು ಬೆಳಗ್ಗೆ ಕೂತರೆ ಬೆನ್ನು ನೇರ ಮಾಡುವುದು ಬೆಳಕು ಹೋದ ಮೇಲೆಯೇ. ನನ್ನ ಗಂಡ ಬಲೆಂದಿನ್ ಫೆಬ್ರವರಿಯಲ್ಲೇ ಕಾಡ್ ಮೀನಿನ ಹಡಗು ಹತ್ತಿ ನ್ಯೂಫೌಂಡ್‌ಲ್ಯಾಂಡಿಗೆ ಹೋದ. ಬರುವುದು ಅಕ್ಟೋಬರಿಗೆ. ನಮ್ಮ ಬೀದಿಯ ಅರ್ಧ ಗಂಡಸರು ಅದೇ ಹಡಗಿನಲ್ಲಿದ್ದಾರೆ.

ನಿನಗೆ ಬೇಸರವಾಗುವ ಸುದ್ದಿಯೊಂದನ್ನು ಹೇಳಲೇಬೇಕು. ಪಂದ್ಯದ ದೋಣಿ, ನೀನು ಒಂಬತ್ತು ವರ್ಷ ಚುಕ್ಕಾಣಿ ಹಿಡಿದ ನಮ್ಮ ‘ಅಂದ್ರಾ ಮಾರಿ’, ಐದು ವರ್ಷದಿಂದ ಮೀನುಗಾರರ ಸಂಘದ ಶೆಡ್ಡಿನಲ್ಲಿ ಅಂಗಾತ ಬಿದ್ದಿದೆ. ಹುಟ್ಟು ಹಾಕಲು ಹದಿಮೂರು ಗಂಡಸರು ಊರಲ್ಲಿ ಒಟ್ಟಿಗೆ ಸಿಕ್ಕುವುದೇ ಇಲ್ಲ. ಸಂತ ಪೀಟರನ ಹಬ್ಬದ ದಿನದ ಪಂದ್ಯಕ್ಕೆ ಪಕ್ಕದೂರು ಲೆಗಾರಿಯವರು ಬಂದು, ನಮ್ಮ ನೀರಿನಲ್ಲಿ, ನಮ್ಮ ದಕ್ಕೆಯ ಮುಂದೆ, ನಮ್ಮ ಧ್ವಜವನ್ನು ಗೆದ್ದುಕೊಂಡು ಹೋಗುತ್ತಾರೆ. ಜನ ಕಿಟಕಿ ಹಾಕಿಕೊಂಡು ಕೂರುತ್ತಾರೆ.

ಮೊನ್ನೆ ಮಾರುಕಟ್ಟೆಗೆ ಲೆಗಾರಿಯ ಎಸ್ಕೊಲಾಸ್ತಿಕಾ ಮೀನು ತಂದಿದ್ದಳು. ನೆನಪಿದೆಯಲ್ಲ, ಬೆಟ್ಟದಾಚೆ ನಿಂತು ಕೂಗಿದರೂ ಇಲ್ಲಿ ಕೇಳುವ ಗಂಟಲಿನವಳು. ತಕ್ಕಡಿ ಹಿಡಿದುಕೊಂಡೇ ಎಲ್ಲರ ಮುಂದೆ ಅಂದಳು: “ಅಲ್ರೇ, ಆ ದೋಣಿ ಸುಮ್ನೆ ಯಾಕೆ ಬಿದ್ದಿರ್ಬೇಕು? ಒಳಗೆ ಮಣ್ಣು ತುಂಬಿ ಬೀನ್ಸ್ ಹಾಕಿ. ಉರಾಂದೀಲಿ ಅದಾದ್ರೂ ನೆಟ್ಟಗೆ ನಿಲ್ಲುತ್ತೇನೋ ನೋಡೋಣ.”

ಮಾರುಕಟ್ಟೆಯೆಲ್ಲ ನಕ್ಕಿತು. ನಾನು ನಗಲಿಲ್ಲ.

ಅಣ್ಣಾ, ಈ ವರ್ಷ ದೋಣಿ ನೀರಿಗಿಳಿಯುತ್ತದೆ. ಅಷ್ಟು ಮಾತ್ರ ಹೇಳುತ್ತೇನೆ. ನಿನ್ನ ಚುಕ್ಕಾಣಿ ಹುಟ್ಟು ನಮ್ಮ ಮೆಟ್ಟಿಲ ಗೋಡೆಯ ಮೇಲೆ ನೀನು ತೂಗಿಸಿದಂತೆಯೇ ಇದೆ. ಅದನ್ನು ಇಳಿಸಿ ಕೊಡಲೇ?

ನಿನ್ನ ತಂಗಿ,
ಕ್ಲಾವ್ದಿಯಾ


ನೆವಾಡಾ,
೨೬ ಏಪ್ರಿಲ್ ೧೯೬೭

ಕ್ಲಾವ್ದಿಯಾ,

ನಿನ್ನ ಕಾಗದವನ್ನು ಗ್ರಾಸಿಯಾನಾಳ ಊಟದ ಮನೆಯಲ್ಲಿ ನಿಂತುಕೊಂಡು ಎಲ್ಲರಿಗೂ ಕೇಳುವಂತೆ ಓದಿದೆ. ಉದ್ದ ಮೇಜಿನ ಸುತ್ತ ನನ್ನ ಹಾಗೆ ಅಮೆರಿಕಕ್ಕೆ ಕುರಿ ಕಾಯಲು ಬಂದ ಇಪ್ಪತ್ತು ಜನ, ಎಲ್ಲ ನಮ್ಮ ಕಡಲ ತೀರದವರೇ. ಬೀನ್ಸಿನ ಮಾತು ಬಂದಾಗ ಚಮಚಗಳು ಕೆಳಗಿಳಿದವು. ಲೆಗಾರಿಯವನೊಬ್ಬ ಮೂಲೆಯಲ್ಲಿ ಕೂತಿದ್ದ. ಪಾಪ, ಅವನು ಸೂಪನ್ನು ತಣ್ಣಗಾಗಲು ಬಿಟ್ಟು ಎದ್ದು ಹೋದ.

ಹುಟ್ಟನ್ನು ಇಳಿಸಿ ಕೊಡು. ಆದರೆ ಕೊಡುವ ಮೊದಲು ಅದನ್ನು ಹಿಡಿಯುವವನ ಕಣ್ಣು ನೋಡು. ನೀರು ನೋಡುವಾಗ ರೆಪ್ಪೆ ಹೊಡೆಯುವವನಿಗೆ ಕೊಡಬೇಡ. ಯಾರು ಅವನು? ಇನ್ಯಾಸಿಯ ದೊಡ್ಡ ಮಗನೇ? ಅವನಾದರೆ ಅವಸರದವನು. ಬಂದರು ಸಮುದ್ರಕ್ಕೆ ತೆರೆಯುವ ಅಳಿವೆ ಬಾಗಿಲಲ್ಲಿ ಅವಸರ ಮಾಡಿ ಮುಳುಗಿದವರ ಹೆಸರು ಇಗರ್ಜಿಯ ಗೋಡೆಯ ಮೇಲಿದೆ ಎಂದು ಅವನಿಗೆ ಹೇಳು. ವಾಯವ್ಯದ ತೆರೆ ಇದ್ದಾಗ ಮೂರು ದೊಡ್ಡವು ಹೋಗಲು ಬಿಡಬೇಕು. ಆಮೇಲೆ ನೀರು ಒಂದು ಉಸಿರು ತೆಗೆದುಕೊಳ್ಳುತ್ತದೆ. ಆಗ ಹೊರಡಬೇಕು. ಇದನ್ನು ಅವನು ಬಾಯಿಪಾಠ ಮಾಡಲಿ.

ನಾನು ಚೆನ್ನಾಗಿದ್ದೇನೆ. ಹಿಮ ಕರಗಿದೆ, ಕುರಿಗಳನ್ನು ಬೆಟ್ಟಕ್ಕೆ ಹತ್ತಿಸುತ್ತಿದ್ದೇನೆ. ಇಲ್ಲಿನವರೆಲ್ಲ ಸೇರಿ ದೋಣಿಯವರಿಗೆ ಹದಿನಾಲ್ಕು ಕೆಂಪು ಅಂಗಿ ಹೊಲಿಸುತ್ತಿದ್ದೇವೆ. ಎದೆಯಳತೆ ದೊಡ್ಡದಾಗಿಯೇ ಹೇಳಿದ್ದೇನೆ. ನಮ್ಮೂರ ಹುಡುಗರ ಭುಜ ನನಗೆ ಗೊತ್ತಿಲ್ಲವೇ.

ಹೆಸರುಗಳನ್ನು ಬರೆ. ಎಲ್ಲ ಹದಿನಾಲ್ಕೂ.

ಬಿಶೆಂತೆ


ಉರಾಂದಿ,
೪ ಜೂನ್ ೧೯೬೭

ಅಣ್ಣಾ,

ಅಂಗಿಗಳು ಬಂದವು. ಬಣ್ಣ ಬಹಳ ಚೆನ್ನಾಗಿದೆ. ಅಳತೆ ಸ್ವಲ್ಪ ದೊಡ್ಡದಾಯಿತು, ತೋಳು ಮಡಚಿಕೊಂಡರೆ ಸರಿಹೋಗುತ್ತದೆ. ಗ್ರಾಸಿಯಾನಾಳಿಗೂ ಮೇಜಿನ ಸುತ್ತಲಿನವರಿಗೂ ನಮ್ಮ ನಮಸ್ಕಾರ ಹೇಳು.

ಚುಕ್ಕಾಣಿ ಹುಟ್ಟನ್ನು ಕೊಡುವ ಮೊದಲು ಕಣ್ಣು ನೋಡಿದೆ. ಪರವಾಗಿಲ್ಲ ಅನ್ನಿಸಿತು. ಮೂರು ತೆರೆಯ ಪಾಠವೂ ಬಾಯಿಗೆ ಬಂದಿದೆ. ಇನ್ಯಾಸಿಯ ಮಗನಲ್ಲ, ಹೆದರಬೇಡ.

ಕೆಲಸ ಸುಲಭವಾಗಿ ಆಗಲಿಲ್ಲ. ಸಂಘದ ಅಧ್ಯಕ್ಷ ಲಿಬೋರಿಯೊ ಶೆಡ್ಡಿನ ಬೀಗದ ಕೈ ಕೊಡಲು ಒಪ್ಪಲಿಲ್ಲ. “ದೋಣಿ ಸಂಘದ್ದು, ಸಂಘ ಅಂದ್ರೆ ನಾನು. ಆಗಲ್ಲ ಅಂದ್ರೆ ಆಗಲ್ಲ,” ಅಂದ. ಮಕ್ಸಿಮಾ ಬಲೆ ಹೊಲಿಯುವ ಸೂಜಿಯನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಅವನ ಮುಂದೆ ನಿಂತಳು. ಅವಳ ಗಂಡ, ಮೈದುನ ಇಬ್ಬರನ್ನೂ ಸಮುದ್ರ ತೆಗೆದುಕೊಂಡಿದೆ, ಆದ್ದರಿಂದ ಅವಳ ಮುಂದೆ ಯಾರೂ ದನಿ ಏರಿಸುವುದಿಲ್ಲ. “ಲಿಬೋರಿಯೊ, ನಾಳೆಯಿಂದ ನಿನ್ನ ಬಲೆಗಳನ್ನ ನೀನೇ ಹೊಲ್ಕೋ,” ಅಂದಳು. ಅಷ್ಟೇ. ಸಂಜೆಯೊಳಗೆ ಬೀಗದ ಕೈ ನಮ್ಮ ಮೆಟ್ಟಿಲ ಮೇಲಿತ್ತು.

ದೋಣಿ ಕಟ್ಟುವ ಮುದುಕ ಪ್ರಾಶ್ಕು ಬಂದು ಹಲಗೆ ತಟ್ಟಿ ನೋಡಿದ. ಕೋಟು ಕಳಚಿಟ್ಟು ಸಂದುಗಳಿಗೆ ನಾರು, ಡಾಂಬರು ತುಂಬತೊಡಗಿದ. ಈಗ ದಿನವೂ ಬೆಳಗ್ಗೆ, ಬಲೆ ಕೆಲಸ ಶುರುವಾಗುವ ಮೊದಲು, ದೋಣಿ ಬಂಡೆದ್ವೀಪದವರೆಗೆ ಹೋಗಿ ಬರುತ್ತದೆ. ಮೊದಲ ವಾರ ಅಂಗೈ ತುಂಬ ಬೊಬ್ಬೆ. ಎರಡನೆಯ ವಾರ ಬೊಬ್ಬೆ ಒಡೆದು ರಕ್ತ. ಈಗ ಹುಟ್ಟುಗಳೆಲ್ಲ ಒಟ್ಟಿಗೆ ನೀರಿಗೆ ಬೀಳುವ ಸದ್ದು ಕೇಳಿದರೆ ನಿನಗೆ ಅಳು ಬರುತ್ತಿತ್ತು.

ಹೆಸರುಗಳನ್ನು ಹಬ್ಬವಾದ ಮೇಲೆ ಬರೆಯುತ್ತೇನೆ. ಮೊದಲೇ ಹೇಳುವುದು ಬೇಡ.

ಕ್ಲಾವ್ದಿಯಾ


ನೆವಾಡಾ,
೧೯ ಜೂನ್ ೧೯೬೭

ಕ್ಲಾವ್ದಿಯಾ,

ಹೆಸರು ಬರೆಯದಿದ್ದರೂ ಕಂಡುಹಿಡಿದೆ. ನಾವೆಲ್ಲ ಕೂತು ಲೆಕ್ಕ ಹಾಕಿದೆವು. ಅಂಗಿ ದೊಡ್ಡದಾಯಿತು ಎಂದರೆ ಹುಡುಗರು ಚಿಕ್ಕ ವಯಸ್ಸಿನವರು. ಕಡಲ ಶಾಲೆಯ ಹುಡುಗರನ್ನು ಹಾಕಿಕೊಂಡಿದ್ದೀರಿ. ಒಳ್ಳೆಯದು. ನನಗೂ ಮೊದಲ ಸಲ ಚುಕ್ಕಾಣಿ ಕೊಟ್ಟಾಗ ಹತ್ತೊಂಬತ್ತು. ಚುಕ್ಕಾಣಿಯವನಿಗೆ ಒಂದು ಮಾತು ಹೇಳು: ಸೋತರೂ ತಲೆ ತಗ್ಗಿಸಿಕೊಂಡು ದಡಕ್ಕೆ ಬರಬಾರದು. ದೋಣಿಯಲ್ಲಿ ನಿಂತಿರುವವನು ಅವನೊಬ್ಬನೇ. ಅವನು ಬಾಗಿದರೆ ಊರೇ ಬಾಗಿದಂತೆ ಕಾಣುತ್ತದೆ.

ಹಬ್ಬದ ದಿನ ಇಲ್ಲಿ ಎಲ್ಲರೂ ಮಲೆ ಇಳಿದು ಬರುತ್ತಾರೆ. ನಾವೂ ಊಟ ಇಟ್ಟುಕೊಂಡಿದ್ದೇವೆ. ತಡ ಮಾಡದೆ ಬರೆ.

ಬಿಶೆಂತೆ


ಉರಾಂದಿ,
೨ ಜುಲೈ ೧೯೬೭

ಅಣ್ಣಾ,

ಸೋತೆವು. ಲೆಗಾರಿಯ ದೋಣಿ ದಡ ಮುಟ್ಟಿ, ಅವರು ಮೊದಲ ಲೋಟ ಸೈಡರ್ ಕುಡಿದು ಮುಗಿಸಿದ ಮೇಲೆ ನಾವು ಬಂದೆವು. ತಲೆ ತಗ್ಗಿಸಲಿಲ್ಲ. ನಾನು ತಗ್ಗಿಸಲಿಲ್ಲ, ಅಣ್ಣಾ. ದೋಣಿಯಲ್ಲಿ ನಿಂತಿದ್ದವಳು ನಾನು.

ಇದೋ ನೀನು ಕೇಳಿದ ಹೆಸರುಗಳು. ಎಲ್ಲಕ್ಕಿಂತ ಮುಂದಿನ ಹುಟ್ಟು ಮಕ್ಸಿಮಾಳದು. ಅವಳ ಹಿಂದೆ ತೊಮಾಸಾ, ಅವಳ ಇಬ್ಬರು ಹೆಣ್ಣುಮಕ್ಕಳು, ಆಂಚೋವಿ ಉಪ್ಪು ಹಾಕುವ ಕಾರ್ಖಾನೆಯ ನಾಲ್ವರು, ಉಳಿದವರೆಲ್ಲ ಬಲೆ ಹೊಲಿಯುವವರು. ಒಬ್ಬರೂ ಗಂಡಸಲ್ಲ. ನಿಮ್ಮ ಅಂಗಿಗಳು ನಮಗೆ ಮೊಣಕಾಲು ಮುಟ್ಟುತ್ತವೆ.

ಮೊದಲೇ ಯಾಕೆ ಹೇಳಲಿಲ್ಲ ಎಂದರೆ, ನೀನು ‘ಬೇಡ’ ಎಂದು ಬರೆದಿದ್ದರೆ ನಾನು ಹುಟ್ಟನ್ನು ಮತ್ತೆ ಗೋಡೆಗೆ ತೂಗಿಸಬೇಕಾಗುತ್ತಿತ್ತು. ತೂಗಿಸುತ್ತಿರಲಿಲ್ಲ. ನಿನ್ನ ಮಾತು ಮೀರುವುದಕ್ಕಿಂತ ನಿನ್ನ ಒಪ್ಪಿಗೆ ಕೇಳದೇ ಇರುವುದು ಸುಲಭ ಅನ್ನಿಸಿತು.

ಪಂದ್ಯದ ಸಮಿತಿ ನಮ್ಮ ದೋಣಿಗೆ ನೀರಿನಲ್ಲಿ ಓಟದ ಸಾಲು ಕೊಡಲಿಲ್ಲ. “ಹೆಂಗಸರಿಗೆ ನಿಯಮದಲ್ಲಿ ಜಾಗ ಇಲ್ಲಮ್ಮ,” ಅಂದರು. “ಬೇಡ ಬಿಡಿ, ಸಮುದ್ರದಲ್ಲಿ ಇದೆ,” ಅಂದೆ. ಸಾಲುಗಳನ್ನು ಗುರುತಿಸಿದ ತೇಲುಬುರುಡೆಗಳ ಆಚೆ ನಿಂತು, ಅವರ ಗುಂಡು ಹಾರಿದಾಗ ನಾವೂ ಹೊರಟೆವು. ದಕ್ಕೆಯ ಮೇಲೆ ಊರಿಗೆ ಊರೇ ಇತ್ತು. ಲೆಗಾರಿಯವರು ಬೀನ್ಸಿನ ಹಾಡು ಕಟ್ಟಿಕೊಂಡು ಬಂದಿದ್ದರು, ಹಾಡಿದರು. ನಮ್ಮವರು ಕೂಗಲೂ ಇಲ್ಲ, ಚಪ್ಪಾಳೆಯೂ ಹೊಡೆಯಲಿಲ್ಲ. ಆದರೆ ಒಂದು ಕಿಟಕಿಯೂ ಹಾಕಿರಲಿಲ್ಲ. ನಾವು ಮೆಟ್ಟಿಲು ಹತ್ತಿ ಬರುವಾಗ ಪ್ರಾಶ್ಕು ಪೈಪು ಬಾಯಿಂದ ತೆಗೆದು ಅಂದ: “ಬಲಗಡೆ ಮೂರನೇವಳು ಹುಟ್ಟನ್ನ ತೀರಾ ಆಳಕ್ಕೆ ಇಳಿಸ್ತಾಳೆ. ಸರಿ ಮಾಡ್ಕೊ.”

ನಮ್ಮೂರಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಯಾರಿಗೆ ಸಿಕ್ಕಿದೆ, ನೀನೇ ಹೇಳು. ಮಕ್ಸಿಮಾ ಮನೆಗೆ ಹೋಗುವ ದಾರಿಯುದ್ದಕ್ಕೂ ನಕ್ಕಳು.

ಇನ್ನು ನೀನು ಏನು ಬೇಕಾದರೂ ಬರೆ.

ಕ್ಲಾವ್ದಿಯಾ


ಉರಾಂದಿ,
೨೭ ಆಗಸ್ಟ್ ೧೯೬೭

ಬಿಶೆಂತೆಗೆ,

ಜುಲೈ ಹೋಯಿತು, ಆಗಸ್ಟ್ ಮುಗಿಯುತ್ತಾ ಬಂತು. ನಿನ್ನಿಂದ ಒಂದು ಸಾಲೂ ಇಲ್ಲ. ಅಂಚೆಯವನು ನಮ್ಮ ಬಾಗಿಲು ದಾಟುವಾಗ ಈಗ ಬೇರೆ ಕಡೆ ನೋಡುತ್ತಾನೆ. ಅರ್ಥವಾಯಿತು ಬಿಡು. ಗ್ರಾಸಿಯಾನಾಳ ಮೇಜಿನ ಮುಂದೆ ನಿಂತು ‘ಹದಿನಾಲ್ಕೂ ಹೆಂಗಸರು’ ಎಂದು ಓದುವುದು ನಿನಗೆ ಕಷ್ಟವಾಗಿರಬೇಕು. ನಾನು ಕ್ಷಮೆ ಕೇಳುವುದಿಲ್ಲ. ಆದರೆ ಇದನ್ನು ನೀನು ಬೇರೆ ಯಾರ ಬಾಯಿಂದಲೋ ಕೇಳುವುದು ಬೇಡವೆಂದು ಬರೆಯುತ್ತಿದ್ದೇನೆ.

ಹೋದ ಮಂಗಳವಾರ ಬೆಳಗ್ಗಿನಿಂದ ತೆಂಕಣ ಗಾಳಿ. ಒಲೆಯ ಮುಂದೆ ಕೂತ ಹಾಗೆ ಸೆಕೆ. ಸಮುದ್ರದ ಮೇಲೆ ಎಣ್ಣೆ ಚೆಲ್ಲಿದ ಹಾಗೆ ಒಂದು ಸುಕ್ಕೂ ಇಲ್ಲ. ಮಧ್ಯಾಹ್ನದ ಊಟವಾಗಿ ನಾವು ಬಲೆಗೆ ಕೂತಿದ್ದೆವು. ಪ್ರಾಶ್ಕು ಪಡುವಣಕ್ಕೆ ಮುಖ ಮಾಡಿ ಎದ್ದು ನಿಂತ. ನೀನೂ ನೋಡಿದ್ದೀಯ ಆ ಕಪ್ಪು ಗೆರೆಯನ್ನು. ನೋಡುತ್ತಿದ್ದಂತೆ ಸೆಕೆ ನಿಂತುಹೋಯಿತು, ಮೈ ಮೇಲೆ ಚಳಿ ಬಂತು, ಇಗರ್ಜಿಯ ಗಂಟೆ ಬಡಿಯಿತು. ಗಲೆರ್ನ, ಅದೇ ಹೇಳದೆ ಬರುವ ಬಿರುಗಾಳಿ. ಬಲೆಗಳ ಮೇಲೆ ಕಲ್ಲು ಹೇರುವಷ್ಟರಲ್ಲಿ ದಕ್ಕೆಯ ಗೋಡೆ ದಾಟಿ ನೀರು ಬಂತು.

ಬೊಂಡಾಸ್ ಮೀನು ಹಿಡಿಯಲು ಹೋಗಿದ್ದ ನಮ್ಮ ಮುದುಕರ ಚಿಕ್ಕ ದೋಣಿಗಳೆಲ್ಲ ಒಂದರ ಹಿಂದೊಂದು ಒಳಗೆ ಬಂದವು. ಹೊರಗೆ ಉಳಿದದ್ದು ಒಂದೇ, ಹಸಿರು ಪಟ್ಟಿಯ ದೋಣಿ. ಇಂಜಿನ್ ಸತ್ತಿತ್ತು. ಮೂವರು ಒಳಗೆ, ಗಾಳಿ ಅವರನ್ನು ಬಂಡೆದ್ವೀಪದ ಕಡೆಗೆ ನೂಕುತ್ತಿತ್ತು. ಹಸಿರು ಪಟ್ಟಿ ಎಂದರೆ ಲೆಗಾರಿಯದು.

ನಮ್ಮ ದೊಡ್ಡ ದೋಣಿಗಳೆಲ್ಲ ಟ್ಯೂನಾ ಹಿಂದೆ ದೂರ ಹೋಗಿದ್ದವು. ಬಂದರಿನ ಇಂಜಿನ್ ದೋಣಿ ರಿಪೇರಿಗೆಂದು ದಡಕ್ಕೆ ಎಳೆದಿಟ್ಟಿತ್ತು. ಲಿಬೋರಿಯೊ ಕೈ ಅಡ್ಡ ಚಾಚಿ ನಿಂತ. “ಯಾರೂ ಇಳೀಬೇಡಿ. ಇದರಲ್ಲಿ ಹೋದವರು ಬರಲ್ಲ. ನಾನು ಇವತ್ತು ಯಾರ ಮನೆಗೂ ಸುದ್ದಿ ತಗೊಂಡು ಹೋಗಲ್ಲ.” ಅವನ ಮುಖ ಬಿಳಿಚಿತ್ತು. ಅವನು ಹೇಳಿದ್ದು ಹೆದರಿಕೆಯಿಂದ, ಕೆಟ್ಟತನದಿಂದ ಅಲ್ಲ.

ಮಕ್ಸಿಮಾ ನನ್ನನ್ನು ನೋಡಿದಳು. “ಏನೇ?” ಅಂದಳು.

“ನಿಮ್ಮ ಮನೇಲಿ ಯಾರಾದ್ರೂ ಕಾಯ್ತಿದಾರಾ ಅಂತ ಕೇಳಲ್ಲ,” ಅಂದೆ. “ಬರೋರು ಬನ್ನಿ.”

ಹದಿಮೂರು ಜನವೂ ಬಂದರು. ತೊಮಾಸಾ ಚಿಕ್ಕ ಮಗಳನ್ನು ತಡೆದು ನಿಲ್ಲಿಸಲು ನೋಡಿದಳು. ಅವಳು ತಾಯಿಯ ಕೈ ಬಿಡಿಸಿಕೊಂಡು ಮೊದಲು ಹತ್ತಿದಳು.

ಅಳಿವೆ ಬಾಗಿಲಿಗೆ ಬಂದಾಗ ಮೊದಲ ದೊಡ್ಡ ತೆರೆ ಬಂತು. ನಿನ್ನ ಪಾಠದಂತೆ ದೋಣಿ ತಡೆದು ಹಿಡಿದೆ. ಎರಡನೆಯದು ಬಂತು. ಅದರ ತಲೆಯ ಮೇಲಿಂದ ಆ ಹಸಿರು ದೋಣಿ ಕಂಡಿತು, ಬಂಡೆಯ ಬಿಳಿ ನೊರೆಯ ಪಕ್ಕದಲ್ಲೇ. ಮೂರನೆಯದಕ್ಕೆ ಕಾಯುವಷ್ಟು ಹೊತ್ತು ಅವರಿಗೆ ಇರಲಿಲ್ಲ. ನಾನು ಕಾಯಲಿಲ್ಲ, ಅಣ್ಣಾ. “ಹಾಕಿ” ಎಂದೆ. ಮೂರನೆಯ ತೆರೆಗೆ ಎದುರಾಗಿಯೇ ಹೋದೆವು. ದೋಣಿಯ ಮೂತಿ ಆಕಾಶಕ್ಕೆ ಎದ್ದಾಗ ಮುಂದಿನ ಹುಟ್ಟುಗಳು ಗಾಳಿಯಲ್ಲಿ ಆಡುತ್ತಿದ್ದವು, ಹಿಂದಿನವರು ಮಾತ್ರ ನೀರಲ್ಲಿದ್ದರು. ಕೆಳಗೆ ಬಿದ್ದಾಗ ಹಲಗೆ ಒಡೆಯಿತೆಂದೇ ಅಂದುಕೊಂಡೆ. ಪ್ರಾಶ್ಕುವಿನ ಸಂದುಗಳು ಹಿಡಿದವು.

ಹಗ್ಗ ಎಸೆದದ್ದು, ಅವರು ಹಿಡಿದದ್ದು, ಎಳೆದು ತಂದದ್ದು, ಅದೆಲ್ಲ ನನಗೆ ಚೂರುಚೂರಾಗಿ ನೆನಪಿದೆ. ಮಕ್ಸಿಮಾ ಉದ್ದಕ್ಕೂ ಬೈಯುತ್ತಿದ್ದಳು, ಸಮುದ್ರವನ್ನು, ಲೆಗಾರಿಯನ್ನು, ಲೆಗಾರಿಯವರ ಇಂಜಿನ್ನನ್ನು. ಆ ಬೈಗುಳದ ತಾಳಕ್ಕೇ ಎಲ್ಲರೂ ಹುಟ್ಟು ಹಾಕಿದರು. ಬಾಗಿಲೊಳಗೆ ಬಂದಾಗ ಲಿಬೋರಿಯೊ ಸೊಂಟದವರೆಗೆ ನೀರಲ್ಲಿಳಿದು ನಮ್ಮ ಹಗ್ಗ ಹಿಡಿದ. ಮೂವರೂ ಬದುಕಿದ್ದಾರೆ. ಅವರಲ್ಲಿ ಒಬ್ಬ ಎಸ್ಕೊಲಾಸ್ತಿಕಾಳ ಗಂಡ.

ಮರುದಿನ ಬೆಳಗ್ಗೆ ಅವಳು ಬಂದಳು. ಬುಟ್ಟಿ ಇಲ್ಲ, ತಕ್ಕಡಿ ಇಲ್ಲ. ದಕ್ಕೆಯ ಮೇಲೆ ನಾವು ಕೂತಲ್ಲಿಗೆ ಬಂದು, ಕೇಳದೆ ಒಂದು ಮಣೆ ಎಳೆದುಕೊಂಡು ಕೂತು, ಸೂಜಿ ತೆಗೆದುಕೊಂಡು, ಗಲೆರ್ನ ಹರಿದು ಹಾಕಿದ ನಮ್ಮ ಬಲೆ ಹೊಲಿಯತೊಡಗಿದಳು. ಮಧ್ಯಾಹ್ನದವರೆಗೂ ಹೊಲಿದಳು. ಏಳುವಾಗ ಮಡಿಲ ಮೇಲಿನ ದಾರ ಕೊಡವಿಕೊಂಡು ನನ್ನ ಕಡೆ ನೋಡಿ, “ನಿಮ್ಮ ಗಂಟು ಸ್ವಲ್ಪ ಸಡಿಲ ಕಣೇ,” ಅಂದಳು.

“ಇರ್ಲಿ, ಹಿಡಿಯುತ್ತೆ,” ಅಂದೆ.

“ಹೌದು,” ಅಂದಳು. “ಹಿಡಿಯುತ್ತೆ.”

ಬೆಟ್ಟದ ದಾರಿಯಲ್ಲಿ ಹೋದಳು. ತಿರುವಿನಲ್ಲಿ ಕಪ್ಪು ತಲೆವಸ್ತ್ರದಿಂದ ಮುಖ ಒರೆಸಿಕೊಂಡದ್ದು ಮಾತ್ರ ಕಂಡಿತು.

ನಗರದ ಪತ್ರಿಕೆಯಲ್ಲಿ ‘ಉರಾಂದಿಯ ಹದಿನಾಲ್ಕು ಧೀರ ಮೀನುಗಾರರು’ ಎಂದು ಬಂದಿದೆ. ಪತ್ರಿಕೆಯವರು ಯಾರೂ ಬಂದು ನೋಡಿರಲಿಲ್ಲ, ಗಂಡಸರೆಂದೇ ತಿಳಿದಿದ್ದರು. ಮಕ್ಸಿಮಾ ಆ ಹಾಳೆಯಲ್ಲಿ ಮೀನು ಸುತ್ತಿ ಕೊಟ್ಟಳು.

ನೀನು ಬರೆಯದಿದ್ದರೆ ಬೇಡ. ಹುಟ್ಟು ಮಾತ್ರ ನನ್ನ ಬಳಿಯೇ ಇರುತ್ತದೆ.

ಕ್ಲಾವ್ದಿಯಾ


ನೆವಾಡಾ,
೧೪ ಸೆಪ್ಟೆಂಬರ್ ೧೯೬೭

ಪ್ರೀತಿಯ ತಂಗಿ,

ನಿನ್ನ ಎರಡು ಕಾಗದಗಳೂ ನನಗೆ ಒಂದೇ ದಿನ ಸಿಕ್ಕವು. ಯಾಕೆಂದು ಹೇಳುತ್ತೇನೆ, ಬೈಯಬೇಡ.

ಮಾರ್ಚಿನಲ್ಲಿ ಕುದುರೆ ನನ್ನ ಮೇಲೆ ಉರುಳಿತು. ಎಡಗಾಲು ಮೂರು ಕಡೆ ಮುರಿಯಿತು. ಕುರಿ ಹತ್ತಿಸುತ್ತಿದ್ದೇನೆ ಎಂದು ಬರೆದದ್ದೆಲ್ಲ ಗ್ರಾಸಿಯಾನಾಳ ಮೇಲಿನ ಕೋಣೆಯ ಹಾಸಿಗೆಯಿಂದ. ನಿಂತು ಓದಿದೆ ಎಂದದ್ದೂ ಸುಳ್ಳು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಇಬ್ಬರು ಕೆಳಗೆ ಹೊತ್ತು ತರುತ್ತಿದ್ದರು. ಜೂನ್ ಕೊನೆಯಲ್ಲಿ ಮೂಳೆ ಸರಿ ಕೂಡಲಿಲ್ಲವೆಂದು ಮತ್ತೆ ದೂರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮೊನ್ನೆ ಬಿಟ್ಟರು. ಈಗ ಕೋಲು ಹಿಡಿದು ನಡೆಯುತ್ತೇನೆ. ನೀನು ಅಷ್ಟು ದೂರದಲ್ಲಿ ಕೂತು ಚಿಂತೆ ಮಾಡುವುದು ಬೇಡವೆಂದು ಮುಚ್ಚಿಟ್ಟೆ. ನೀನು ಹೆಸರು ಮುಚ್ಚಿಟ್ಟೆ, ನಾನು ಕಾಲು ಮುಚ್ಚಿಟ್ಟೆ. ಒಂದೇ ತಾಯಿಯ ಮಕ್ಕಳು.

ಜುಲೈ ಕಾಗದವನ್ನು ಮೊದಲು ಒಬ್ಬನೇ ಓದಿದೆ. ನಿಜ ಹೇಳಲೇ? ಕೋಪ ಬಂತು. ಹೆಂಗಸರು ಎಂದಲ್ಲ, ನನಗೆ ಹೇಳಲಿಲ್ಲವೆಂದು. ಹೋಗಲಿ, ಅದೂ ಸ್ವಲ್ಪ ಇತ್ತು. ಆಮೇಲೆ ಎರಡನೆಯ ಕಾಗದ ಒಡೆದೆ. ಅದನ್ನು ಓದಿ ಮುಗಿಸಿ ಗ್ರಾಸಿಯಾನಾಳನ್ನು ಕೂಗಿ, ಕೆಳಗೆ ಎಲ್ಲರನ್ನೂ ಕೂರಿಸಲು ಹೇಳಿದೆ. ಈ ಸಲ ನಿಂತೇ ಓದಿದೆ. ಕೋಲು ಹಿಡಿದು, ಮೊದಲಿನಿಂದ ಕೊನೆಯವರೆಗೆ.

ಲೆಗಾರಿಯವನು ಎದ್ದು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತ. ಆಮೇಲೆ ನಮ್ಮವನೇ ಒಬ್ಬ ಕೇಳಿದ: “ಬಿಶೆಂತೆ, ನೀನಾಗಿದ್ರೆ ಏನ್ ಮಾಡ್ತಿದ್ದೆ? ಎರಡನೇ ತೆರೆ ಆದ್ಮೇಲೆ?”

ಒಂಬತ್ತು ವರ್ಷ ಚುಕ್ಕಾಣಿ ಹಿಡಿದವನು ನಾನು. ನನ್ನ ಹಾಗೆ ಅಳಿವೆ ಓದಬಲ್ಲವನು ತೀರದಲ್ಲೇ ಇಲ್ಲ ಎಂದು ಈ ಮೇಜಿನ ಮೇಲೆ ಎಷ್ಟು ಸಲ ಗುದ್ದಿ ಹೇಳಿದ್ದೇನೋ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು.

“ಕಾಯ್ತಿದ್ದೆ,” ಅಂದೆ. “ಮೂರನೇದು ಹೋಗ್ಲಿ ಅಂತ ಕಾಯ್ತಿದ್ದೆ. ಆ ಮೂವರು ಸಾಯ್ತಿದ್ರು.”

ಹೇಳಿ ಕೂತೆ. ಹಾಗೆ ಹೇಳಿದ್ದರಿಂದ ನಾನು ಚಿಕ್ಕವನಾದೆ ಅನ್ನಿಸಲಿಲ್ಲ, ಕ್ಲಾವ್ದಿಯಾ. ಈ ದೇಶಕ್ಕೆ ಬಂದು ಹದಿಮೂರು ವರ್ಷದಲ್ಲಿ ಅಷ್ಟು ಎತ್ತರ ಯಾವತ್ತೂ ಕೂತಿರಲಿಲ್ಲ. ನನಗೆ ಕಲಿಸಿದ್ದನ್ನು ನಾನು ನಿನಗೆ ಕೊಟ್ಟೆ. ನಾನು ಕೊಡಲಾರದ್ದನ್ನು ನೀನು ತೋರಿಸಿದೆ.

ಹುಟ್ಟು ನಿನ್ನದು. ಕೇಳುವ ಮಾತೇ ಇಲ್ಲ.

ನಿನ್ನ ಅಣ್ಣ,
ಬಿಶೆಂತೆ


ಉರಾಂದಿ,
೨೨ ಅಕ್ಟೋಬರ್ ೧೯೬೭

ಅಣ್ಣಾ,

ಕಾಲಿನ ವಿಷಯ ಮುಚ್ಚಿಟ್ಟದ್ದಕ್ಕೆ ಬೈಗುಳವನ್ನು ಮಕ್ಸಿಮಾಳಿಂದ ಬರೆಸಿ ಬೇರೆ ಕಳಿಸುತ್ತೇನೆ, ಅವಳಿಗೆ ಅದು ಚೆನ್ನಾಗಿ ಬರುತ್ತದೆ. ನಿನ್ನ ಕಾಗದವನ್ನು ಎಷ್ಟು ಸಲ ಓದಿದೆ ಎಂದು ಹೇಳುವುದಿಲ್ಲ. ನೀನು ಕಾಯುತ್ತಿರಲಿಲ್ಲ. ಆ ಹಸಿರು ಪಟ್ಟಿ ಕಂಡಿದ್ದರೆ ನೀನೂ ಹೋಗುತ್ತಿದ್ದೆ. ಹಾಗಂತ ನಾನು ನಂಬುತ್ತೇನೆ, ನೀನು ಏನೇ ಹೇಳು.

ಬಲೆಂದಿನ್ ಬಂದ. ಅವನಿಗೆ ನಾನು ಒಂದಕ್ಷರ ಬರೆದಿರಲಿಲ್ಲ. ಸುದ್ದಿ ಮೊದಲೇ ಹೋಗಿತ್ತು. ನ್ಯೂಫೌಂಡ್‌ಲ್ಯಾಂಡಿನ ಬಂದರಿನಲ್ಲಿ, ಮಂಜಿನಲ್ಲಿ, ಅವನು ಹೋಟೆಲಿನ ಬಾಗಿಲು ತೆಗೆದು ಒಳಗೆ ಹೋದನಂತೆ. ಲೆಗಾರಿಯ ಹಡಗಿನವರು ಕೂತಿದ್ದರಂತೆ. ಯಾವಾಗಲೂ ಹೊಡೆದಾಟವೇ ಆಗುವ ಜಾಗ. ಅವರಲ್ಲೊಬ್ಬ ಎದ್ದು ಬಂದು ಕೇಳಿದನಂತೆ: “ನೀನು ಚುಕ್ಕಾಣಿಯವಳ ಗಂಡಾನಾ?” ಇವನು ಏನೆಂದು ತಿಳಿಯದೆ ಮುಷ್ಟಿ ಬಿಗಿ ಹಿಡಿದನಂತೆ. ಅವರು ಬೆಂಚಿನ ಮೇಲೆ ಸರಿದು ಜಾಗ ಕೊಟ್ಟರಂತೆ.

ಇದನ್ನು ಅವನು ನನಗೆ ಹೇಳಿದ್ದು ಬಂದು ನಾಲ್ಕು ದಿನವಾದ ಮೇಲೆ, ಆಲೂಗಡ್ಡೆ ಹಾಕಿದ ಟ್ಯೂನಾ ಸಾರು ಉಣ್ಣುತ್ತಾ, ತಟ್ಟೆಯಿಂದ ತಲೆ ಎತ್ತದೆ. ನಾನು, “ಉಪ್ಪು ಸರಿ ಇದ್ಯಾ?” ಅಂದೆ. “ಇದೆ,” ಅಂದ. ಆಮೇಲೆ, “ದೋಣಿ ಮತ್ತೆ ಯಾವಾಗ ಇಳಿಸ್ತೀರಿ?” ಅಂದ.

ಸಂಘದ ಸಭೆಯಲ್ಲಿ ಗಂಡಸರು ವಾಪಸು ಬಂದರಲ್ಲ, ದೋಣಿ ಅವರಿಗೇ ಕೊಡಬೇಕೆಂದು ಒಂದಿಬ್ಬರು ಎದ್ದರು. ಲಿಬೋರಿಯೊನೇ ಅವರನ್ನು ಕೂರಿಸಿದ. “ಚಳಿಗಾಲ ಮುಗಿದ್ಮೇಲೆ ನೀವು ಮತ್ತೆ ಹೊರಟುಹೋಗ್ತೀರಿ. ಇಲ್ಲಿ ಇರೋರು ಇವರು,” ಅಂದ. ಮುಂದಿನ ಹಬ್ಬದ ಪಂದ್ಯದಲ್ಲಿ ನಮಗೂ ಸಾಲು ಬೇಕೆಂದು ಸಂಘದ ಮುದ್ರೆ ಹಾಕಿ ಬರೆದಿದ್ದಾನೆ. ಕೊಡದಿದ್ದರೂ ಹೋಗುತ್ತೇವೆ, ಅದು ಸಮಿತಿಗೂ ಗೊತ್ತು. ಬಲಗಡೆ ಮೂರನೆಯವಳು ಸರಿ ಮಾಡಿಕೊಂಡಿದ್ದಾಳೆ.

ನಿನ್ನೆ ಬೆಳಗ್ಗೆ ಹಡಗಿನಿಂದ ಬಂದ ಗಂಡಸರೇ ದೋಣಿಯನ್ನು ಭುಜದ ಮೇಲೆ ಹೊತ್ತು ಇಳಿಜಾರಿನಲ್ಲಿ ನೀರಿಗೆ ತಂದರು. ನಾವು ಹತ್ತಿ ಕೂತೆವು. ಬಲೆಂದಿನ್ ಮೊಣಕಾಲೆತ್ತರದ ನೀರಲ್ಲಿ ನಿಂತು ಹಗ್ಗ ಹಿಡಿದಿದ್ದ. ಚುಕ್ಕಾಣಿ ನೀರಿಗೆ ಹಾಕಿ ಅವನ ಕಡೆ ನೋಡಿದೆ. ಹಗ್ಗವನ್ನು ದೋಣಿಯೊಳಕ್ಕೆ ಎಸೆದು, “ಹೋಗಿ ಬಾ,” ಅಂದ.

ಮದುವೆಯಾದಾಗಿನಿಂದ ದಡದಲ್ಲಿ ನಿಂತು ಆ ಮಾತು ಹೇಳುತ್ತಿದ್ದವಳು ನಾನು. ಅದನ್ನು ಕೇಳಿಸಿಕೊಳ್ಳುವುದು ಹೇಗಿರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

ನಿನ್ನ ತಂಗಿ,
ಕ್ಲಾವ್ದಿಯಾ